ಸಿಕಂದರನನ್ನು ಓದುವ ಬಗೆ

ಗೆದ್ದವನೇ ಸಿಕಂದರ್ ಎಂಬರ್ಥದ ಮಾತೊಂದು ಹಿಂದಿ, ಉರ್ದು ಆಡುವವರಲ್ಲಿದೆ. 1992ರಲ್ಲಿ ಅದನ್ನೇ ಹೆಸರಾಗಿಟ್ಟುಕೊಂಡ ಸಿನಿಮಾವೂ ಬಂತು. ಚುನಾವಣೆ ಗೆದ್ದವನೂ ಸಿಕಂದರನೇ, ಓಟದಲ್ಲಿ ಗೆದ್ದ ಹುಡುಗನೂ ಸಿಕಂದರನೇ. ನಾವು ಮುಸಲ್ಮಾನರು ಮಕ್ಕಳಿಗೆ ಪ್ರೀತಿಯಿಂದ ಇಡುವ ಹೆಸರುಗಳಲ್ಲಿ ಇದೂ ಒಂದು. ಈ ಹೆಸರಿನ ಮೂಲಪುರುಷ ಇಸ್ಲಾಮಿನ ಪ್ರವಾದಿಗಳಿಗಿಂತ ಸುಮಾರು ಒಂಬತ್ತು ಶತಮಾನ ಹಿಂದಿನವನು, ಮೆಸಿಡೋನಿಯಾದ ಪೆಲ್ಲಾ ಎಂಬ ಊರಿನಲ್ಲಿ ಕ್ರಿ.ಪೂ. 356ರಲ್ಲಿ ಹುಟ್ಟಿದವನು, ತನ್ನನ್ನು ದೇವರ ಮಗನೆಂದು ಕರೆಸಿಕೊಳ್ಳಲು ಹಂಬಲಿಸಿದವನು ಎಂಬುದು ಹೆಸರಿಡುವಾಗ ಯಾರ ನೆನಪಿಗೂ ಬರುವುದಿಲ್ಲ. ಬರಬೇಕೆಂದೂ ಇಲ್ಲ. ಹೆಸರುಗಳು ಚರಿತ್ರೆಯಿಂದ ಬಿಡಿಸಿಕೊಂಡು ಓಡಾಡುತ್ತವೆ. ಆದರೆ ಒಬ್ಬ ದಂಡಯಾತ್ರಿಯ ಹೆಸರು ಅವನಿಂದ ಸೋತವರ ನಾಡಿನಲ್ಲೇ ಮುದ್ದಿನ ಹೆಸರಾಗಿ ಉಳಿದದ್ದು ಹೇಗೆ ಎಂಬ ಪ್ರಶ್ನೆಯನ್ನು ನಾವು ಕೇಳಿಕೊಳ್ಳಬೇಕಾಗಿದೆ. ಯಾಕೆಂದರೆ ಇದು ಬರೀ ಅಲೆಕ್ಸಾಂಡರನ ಪ್ರಶ್ನೆಯಲ್ಲ.

ಮೊದಲು ಆಕರಗಳ ವಿಷಯ. ಅಲೆಕ್ಸಾಂಡರನ ಜತೆಗಿದ್ದು ಬರೆದವರು ಹಲವರಿದ್ದರು. ಅವನ ದಂಡನಾಯಕ ಟಾಲೆಮಿ ಬರೆದ, ಅರಿಸ್ಟೊಬುಲಸ್ ಬರೆದ, ಅರಿಸ್ಟಾಟಲನ ಬಂಧು ಕ್ಯಾಲಿಸ್ತನೀಸ್ ಬರೆದ. ಇವರಲ್ಲಿ ಯಾರ ಕೃತಿಯೂ ಇಡಿಯಾಗಿ ಉಳಿದಿಲ್ಲ. ನಾವಿಂದು ಓದುವ ಡಯೊಡೊರಸ್, ಕರ್ಟಿಯಸ್, ಪ್ಲುಟಾರ್ಕ್, ಏರಿಯನ್ ಇವರೆಲ್ಲ ರೋಮ್ ದೊಡ್ಡದಾಗುತ್ತಿದ್ದ ಅಥವಾ ದೊಡ್ಡದಾಗಿದ್ದ ಕಾಲದವರು. ಹೆಚ್ಚು ನಂಬಿಕೆಗೆ ಅರ್ಹನೆನಿಸಿದ ಏರಿಯನ್ ಬರೆದದ್ದು ಅಲೆಕ್ಸಾಂಡರ್ ಸತ್ತ ನಾನೂರಕ್ಕೂ ಹೆಚ್ಚು ವರ್ಷಗಳ ಮೇಲೆ, ಕ್ರಿ.ಶ. ಎರಡನೆಯ ಶತಮಾನದಲ್ಲಿ. ಟಾಲೆಮಿಯನ್ನು ತಾನು ನಂಬಲು ಅವನು ಕೊಡುವ ಕಾರಣಗಳಲ್ಲಿ ಒಂದು ಸ್ವಾರಸ್ಯಕರವಾಗಿದೆ. ಟಾಲೆಮಿ ಮುಂದೆ ಸ್ವತಃ ದೊರೆಯಾದವನು, ದೊರೆಗೆ ಸುಳ್ಳು ಹೇಳುವುದು ಇತರರಿಗಿಂತ ಹೆಚ್ಚು ನಾಚಿಕೆಗೇಡು ಎಂಬುದು ಆ ಕಾರಣ. ದೊರೆಗಳನ್ನು ಕಂಡ ನಮಗೆ ಈ ತರ್ಕ ಒಪ್ಪಿಗೆಯಾಗುವುದು ಕಷ್ಟ.

ಸೋತ ಪರ್ಷಿಯನ್ನರ ಕಡೆಯಿಂದ ಈ ಯುದ್ಧದ ಒಂದು ಕಥನವೂ ಇಲ್ಲ. ಆದರೆ ಬ್ಯಾಬಿಲೋನಿನ ಜ್ಯೋತಿರ್ವಿದರು ಹಸಿಮಣ್ಣಿನ ಹಲಗೆಗಳ ಮೇಲೆ ದಿನಚರಿ ಬರೆದಿಡುತ್ತಿದ್ದರು. ಚಂದ್ರ ಎಲ್ಲಿದ್ದ, ನದಿಯ ನೀರು ಎಷ್ಟು ಏರಿತು, ಬಾರ್ಲಿ ಮತ್ತು ಖರ್ಜೂರದ ಧಾರಣೆ ಏನು ಎಂಬ ಲೆಕ್ಕಗಳ ನಡುವೆ ಆಗೊಮ್ಮೆ ಈಗೊಮ್ಮೆ ರಾಜಕಾರಣವೂ ಬರುತ್ತದೆ. ಕ್ರಿ.ಪೂ. 331ರ ಅಕ್ಟೋಬರ್ 1ರಂದು ಗೌಗಮೆಲದಲ್ಲಿ ನಡೆದ ನಿರ್ಣಾಯಕ ಯುದ್ಧ ಇಂಥದೊಂದು ಹಲಗೆಯಲ್ಲಿದೆ. ಗ್ರೀಕ್ ಕಥನದ ಪ್ರಕಾರ ರಣರಂಗದಿಂದ ಮೊದಲು ಓಡಿದವನು ಮೂರನೆಯ ಡೇರಿಯಸ್, ಅಂದರೆ ನಮ್ಮ ಕಥೆಗಳ ದಾರಾ. ಬ್ಯಾಬಿಲೋನಿನ ಹಲಗೆಯನ್ನು ಓದಿದ ವಿದ್ವಾಂಸರಿಗೆ ಕಂಡದ್ದು ಬೇರೆ. ಪಾಳೆಯದಲ್ಲಿ ಮೊದಲೇ ಭೀತಿ ಹರಡಿತ್ತು, ಸೈನಿಕರೇ ದೊರೆಯನ್ನು ಬಿಟ್ಟುಹೋದರು ಎಂಬ ಅರ್ಥದ ಸಾಲುಗಳು ಅಲ್ಲಿವೆ. ಎರಡು ಸಾವಿರ ವರ್ಷ ಹೇಡಿಯೆಂದು ಚಿತ್ರಿತನಾದವನು ಬಹುಶಃ ಕೈಬಿಡಲ್ಪಟ್ಟವನು. ಎಂಟು ವರ್ಷಗಳ ಮೇಲೆ ಅದೇ ಬ್ಯಾಬಿಲೋನಿನಲ್ಲಿ ಅಲೆಕ್ಸಾಂಡರ್ 32ರ ಹರೆಯದಲ್ಲಿ ಸತ್ತಾಗ, ದೊರೆ ತೀರಿಕೊಂಡದ್ದನ್ನೂ ಅಂದು ಆಕಾಶದಲ್ಲಿ ಮೋಡವಿದ್ದುದನ್ನೂ ಆ ಬರಹಗಾರರು ಒಂದೇ ಉಸಿರಿನಲ್ಲಿ ದಾಖಲಿಸಿ ಸುಮ್ಮನಾದರು. ಜಗತ್ತನ್ನು ಗೆದ್ದವನಿಗೆ ಇಷ್ಟು ನಿರುದ್ವಿಗ್ನವಾದ ಶ್ರದ್ಧಾಂಜಲಿ ಬೇರೆಲ್ಲೂ ಸಿಗಲಿಕ್ಕಿಲ್ಲ.

ಇನ್ನು ಗ್ರೀಕರು ಮತ್ತು ಪರ್ಷಿಯನ್ನರ ನಡುವಿನ ಗೆರೆ. ಅತ್ತ ಸ್ವಾತಂತ್ರ್ಯ, ವಿವೇಕ, ಪ್ರಜಾಪ್ರಭುತ್ವ. ಇತ್ತ ನಿರಂಕುಶತೆ, ವಿಲಾಸ, ಗುಲಾಮಗಿರಿ ಎಂಬ ಚಿತ್ರ ನಮ್ಮ ಪಠ್ಯಪುಸ್ತಕಗಳಿಗೂ ಇಳಿದು ಬಂದಿದೆ. ಎಡ್ವರ್ಡ್ ಸೈದ್ 1978ರ ತನ್ನ ‘ಓರಿಯಂಟಲಿಸಂ’ ಕೃತಿಯಲ್ಲಿ ಈ ಚಿತ್ರದ ಬೇರನ್ನು ಹುಡುಕುತ್ತ ಎಸ್ಕಿಲಸನ ‘ಪರ್ಷಿಯನ್ನರು’ ನಾಟಕದವರೆಗೆ ಹೋಗುತ್ತಾನೆ. ಕ್ರಿ.ಪೂ. 472ರಲ್ಲಿ ಅಥೆನ್ಸಿನಲ್ಲಿ ಆಡಿದ ಆ ನಾಟಕ, ಸಲಾಮಿಸ್ ಕಡಲಯುದ್ಧದಲ್ಲಿ ಸೋತ ಪರ್ಷಿಯಾದ ಅರಮನೆಯ ಗೋಳನ್ನು ಗ್ರೀಕ್ ಬಾಯಿಯಲ್ಲಿ ಹೇಳಿಸುತ್ತದೆ. ಏಷ್ಯಾದ ಪರವಾಗಿ ಯುರೋಪು ಮಾತಾಡುವ ಕ್ರಮ ಅಲ್ಲಿಂದ ಶುರುವಾಗುತ್ತದೆ ಎಂಬುದು ಸೈದನ ವಾದ. ವಾದ ಸರಿಯೇ. ಆದರೆ ನಾಟಕವನ್ನು ಅಷ್ಟಕ್ಕೇ ಬಿಟ್ಟರೆ ಒಂದು ಅನ್ಯಾಯವಾಗುತ್ತದೆ. ಪರ್ಷಿಯನ್ನರ ವಿರುದ್ಧ ಕತ್ತಿ ಹಿಡಿದಿದ್ದ ಎಸ್ಕಿಲಸ್, ಯುದ್ಧ ಮುಗಿದ ಎಂಟೇ ವರ್ಷಕ್ಕೆ, ಗೆದ್ದ ಊರಿನ ಪ್ರೇಕ್ಷಕರ ಎದುರು ಸೋತವರ ತಾಯಂದಿರನ್ನು ಅಳಿಸುತ್ತಾನೆ. ತಮ್ಮ ಯುದ್ಧದ ಬಗ್ಗೆ ಇಂಥ ನಾಟಕ ಆಡಿಸುವ ಧೈರ್ಯ ಇಂದು ಎಷ್ಟು ದೇಶಗಳಿಗಿದೆ? ಸೈದನನ್ನು ಗೌರವಿಸುತ್ತಲೇ ನಾವು ಎಸ್ಕಿಲಸನನ್ನೂ ಓದಿಕೊಳ್ಳಬೇಕು.

ಉಳಿದ ಗ್ರೀಕರೂ ಒಂದೇ ದನಿಯವರಲ್ಲ. ಹೆರೊಡೋಟಸ್ ಹುಟ್ಟಿದ ಹ್ಯಾಲಿಕಾರ್ನಾಸಸ್ ಪರ್ಷಿಯನ್ ಆಳ್ವಿಕೆಯಲ್ಲಿದ್ದ ಊರು. ಅನ್ಯರ ಮೇಲೆ ಅತಿ ಪ್ರೀತಿಯುಳ್ಳವನೆಂದು ಪ್ಲುಟಾರ್ಕ್ ಮುಂದೆ ಅವನನ್ನು ಬೈದ. ಕ್ಸೆನೊಫೋನ್ ಆದರ್ಶ ದೊರೆಯ ಚಿತ್ರ ಬರೆಯಬೇಕೆಂದಾಗ ಆರಿಸಿಕೊಂಡದ್ದು ಪರ್ಷಿಯಾದ ಸೈರಸನನ್ನು. ಇತ್ತ ಅಲೆಕ್ಸಾಂಡರ್, ಗ್ರೀಕರ ಪರವಾಗಿ ಪರ್ಷಿಯಾದ ಮೇಲೆ ಸೇಡು ತೀರಿಸಿಕೊಳ್ಳುತ್ತೇನೆ ಎಂದು ಹೊರಡುವ ಮುನ್ನ ಕ್ರಿ.ಪೂ. 335ರಲ್ಲಿ ನೆಲಸಮ ಮಾಡಿದ್ದು ಥೀಬ್ಸ್ ಎಂಬ ಗ್ರೀಕ್ ನಗರವನ್ನು. ಅಲ್ಲಿ ಆರು ಸಾವಿರಕ್ಕೂ ಹೆಚ್ಚು ಜನ ಸತ್ತರು, ಮೂವತ್ತು ಸಾವಿರ ಜನ ಗುಲಾಮರಾಗಿ ಮಾರಾಟವಾದರು ಎಂದು ಗ್ರೀಕ್ ಬರಹಗಾರರೇ ಲೆಕ್ಕ ಕೊಡುತ್ತಾರೆ. ಮರುವರ್ಷ ಗ್ರಾನಿಕಸ್ ನದಿಯ ದಂಡೆಯಲ್ಲಿ ಡೇರಿಯಸನ ಪರವಾಗಿ ಹೋರಾಡುತ್ತಿದ್ದವರಲ್ಲಿ ಸಾವಿರಾರು ಮಂದಿ ಗ್ರೀಕ್ ಬಾಡಿಗೆ ಸೈನಿಕರಿದ್ದರು. ಅವರಲ್ಲಿ ಬದುಕುಳಿದ ಎರಡು ಸಾವಿರ ಜನರನ್ನು ಸರಪಳಿ ಹಾಕಿ ಮೆಸಿಡೋನಿಯಾಕ್ಕೆ ದುಡಿಯಲು ಕಳಿಸಲಾಯಿತು. ಇದು ಪೂರ್ವ ಮತ್ತು ಪಶ್ಚಿಮಗಳ ಯುದ್ಧವೆಂದು ಅಲ್ಲಿ ಸತ್ತವರಿಗೆ ಗೊತ್ತಿರಲಿಲ್ಲ.

ಗೆರೆಯನ್ನು ದಪ್ಪ ಮಾಡಿದವರು ಹಿಂದಿನ ಗ್ರೀಕರಿಗಿಂತ ಹೆಚ್ಚಾಗಿ ಈಚಿನ ಯುರೋಪಿಯನ್ನರು. 1833ರಲ್ಲಿ ಡ್ರಾಯ್ಸೆನ್ ಅಲೆಕ್ಸಾಂಡರನ ಚರಿತ್ರೆ ಬರೆದಾಗ ಜರ್ಮನಿ ಒಂದಾಗಿರಲಿಲ್ಲ. ಹರಿದುಹೋದ ಗ್ರೀಕ್ ನಗರಗಳನ್ನು ಒಂದುಗೂಡಿಸಿದ ಮೆಸಿಡೋನಿಯಾದಲ್ಲಿ ಅವನಿಗೆ ಪ್ರಷ್ಯಾ ಕಂಡಿತು. 1933ರಲ್ಲಿ ಬ್ರಿಟಿಷ್ ವಿದ್ವಾಂಸ ಟಾರ್ನ್, ಅಲೆಕ್ಸಾಂಡರ್ ಮನುಕುಲದ ಸೋದರತ್ವದ ಕನಸು ಕಂಡವನು ಎಂದು ಉಪನ್ಯಾಸ ಕೊಟ್ಟ. ಸಾಮ್ರಾಜ್ಯವೊಂದು ತನ್ನನ್ನು ಲೋಕೋಪಕಾರಿಯೆಂದು ನಂಬಿಕೊಂಡಿದ್ದ ಕಾಲ ಅದು. 1958ರಲ್ಲಿ ಅರ್ನ್‌ಸ್ಟ್ ಬೇಡಿಯನ್ ಈ ಕನಸನ್ನು ಸಾಲುಸಾಲಾಗಿ ಬಿಚ್ಚಿ ಅದರ ಹಿಂದೆ ಆಧಾರವಿಲ್ಲವೆಂದು ತೋರಿಸಿದ. ಬೇಡಿಯನ್ 1938ರಲ್ಲಿ, ಇನ್ನೂ ಹುಡುಗನಾಗಿದ್ದಾಗ, ನಾಜಿಗಳ ವಿಯೆನ್ನಾದಿಂದ ಪಾರಾಗಿ ಬಂದ ಯಹೂದಿ. ಮಹಾನಾಯಕರ ಮಹಾಸ್ವಪ್ನಗಳ ಬೆಲೆಯನ್ನು ಅವನು ಗ್ರಂಥಾಲಯದ ಹೊರಗೆ ಕಲಿತಿದ್ದ. ಬಾಸ್‌ವರ್ತ್ ಇನ್ನೂ ಮುಂದೆ ಹೋಗಿ, ಸಿಂಧೂ ಕಣಿವೆಯಲ್ಲಿ ಅಲೆಕ್ಸಾಂಡರನ ಸೈನ್ಯ ನಡೆಸಿದ ಕಗ್ಗೊಲೆಗಳನ್ನು ಮೆಕ್ಸಿಕೋದಲ್ಲಿ ಸ್ಪೇನಿನವರು ನಡೆಸಿದ ಕೊಲೆಗಳ ಪಕ್ಕದಲ್ಲಿಟ್ಟು ನೋಡಿದ. ಪಂಜಾಬಿನ ಸಂಗಲ ಎಂಬ ಒಂದೇ ಕೋಟೆಯಲ್ಲಿ ಹದಿನೇಳು ಸಾವಿರ ಜನ ಹತರಾದರು ಎಂದು ಬರೆದಿರುವುದು ಶತ್ರುಗಳಲ್ಲ, ಅಲೆಕ್ಸಾಂಡರನನ್ನು ಮೆಚ್ಚುವ ಏರಿಯನ್.

ಟಾರ್ನ್ ಹೇಳುವ ಸೋದರತ್ವಕ್ಕೆ ಹತ್ತಿರದ ಘಟನೆಯೆಂದರೆ ಕ್ರಿ.ಪೂ. 324ರಲ್ಲಿ ಸೂಸಾದಲ್ಲಿ ನಡೆದ ಸಾಮೂಹಿಕ ವಿವಾಹ. ಅಲೆಕ್ಸಾಂಡರನೂ ಅವನ ಸುಮಾರು ಎಂಬತ್ತು ಸರದಾರರೂ ಪರ್ಷಿಯನ್ ಕುಲೀನ ಕನ್ಯೆಯರನ್ನು ಮದುವೆಯಾದರು. ಇದನ್ನು ಎರಡು ಸಂಸ್ಕೃತಿಗಳ ಸಂಗಮವೆಂದು ಎಷ್ಟೋ ಪುಸ್ತಕಗಳು ಕೊಂಡಾಡಿವೆ. ಒಂದು ಸರಳ ಪ್ರಶ್ನೆ ಕೇಳಿದರೆ ಸಾಕು: ಪರ್ಷಿಯನ್ ಗಂಡನ್ನು ಮದುವೆಯಾದ ಗ್ರೀಕ್ ಅಥವಾ ಮೆಸಿಡೋನಿಯನ್ ಹೆಣ್ಣು ಅಲ್ಲಿ ಯಾರಿದ್ದಳು? ಒಬ್ಬಳೂ ಇಲ್ಲ. ಸೋತವರ ಹೆಣ್ಣುಮಕ್ಕಳನ್ನು ಗೆದ್ದವರಿಗೆ ಹಂಚಿದ್ದನ್ನು ಸಂಗಮವೆನ್ನುವುದು ಗಂಡಸರ ಚರಿತ್ರೆಗೆ ಮಾತ್ರ ಸಾಧ್ಯ. ಅಲೆಕ್ಸಾಂಡರ್ ಸತ್ತ ಮೇಲೆ ಆ ಮದುವೆಗಳಲ್ಲಿ ಬಾಳಿದ್ದೆಂದು ನಿಶ್ಚಿತವಾಗಿ ತಿಳಿದಿರುವುದು ಸೆಲ್ಯೂಕಸ್ ಮತ್ತು ಅಪಾಮಾರದು. ಡೇರಿಯಸನ ಮಗಳು ಸ್ಟಟೀರಾ ಕೊಲೆಯಾದಳು.

ಹಾಗಾದರೆ ಸೋತವರು ಅವನನ್ನು ಹೇಗೆ ನೆನಪಿಟ್ಟುಕೊಂಡರು? ಇಲ್ಲಿ ನಮ್ಮ ಸಾಹಿತ್ಯ ಪರಂಪರೆಯೇ ಎದುರಾಗುತ್ತದೆ. ಕ್ರಿ.ಪೂ. 330ರಲ್ಲಿ ಪರ್ಸೆಪೊಲಿಸ್ ಅರಮನೆ ಸುಟ್ಟದ್ದು ಇರಾನಿನ ಜರತುಷ್ಟ್ರ ಧರ್ಮೀಯರ ನೆನಪಿನಲ್ಲಿ ಆರದ ಗಾಯವಾಯಿತು. ಅವರ ಪಹ್ಲವಿ ಗ್ರಂಥಗಳಲ್ಲಿ ಅವನು ಶಾಪಗ್ರಸ್ತ ಅಲೆಕ್ಸಾಂಡರ್. ಚಿನ್ನದ ಮಸಿಯಲ್ಲಿ ಬರೆದಿಟ್ಟಿದ್ದ ಅವೆಸ್ತಾವನ್ನು ಸುಟ್ಟವನು, ಪುರೋಹಿತರನ್ನು ಕೊಂದವನು. ಆದರೆ ಅದೇ ಇರಾನಿನ ಫಿರ್ದೌಸಿ ಸುಮಾರು 1010ರಲ್ಲಿ ಮುಗಿಸಿದ ‘ಶಾಹನಾಮೆ’ಯಲ್ಲಿ ಸಿಕಂದರ್ ಇರಾನಿ ದೊರೆ ದಾರಾಬನ ಮಗ. ತಾಯಿ ಮಾತ್ರ ರೂಮಿನ ರಾಜಕುಮಾರಿ. ಬಾಯಿಯ ದುರ್ವಾಸನೆಯ ನೆವದಲ್ಲಿ ಗಂಡ ಆಕೆಯನ್ನು ತವರಿಗೆ ಕಳಿಸಿದ, ಆಕೆ ಅಲ್ಲಿ ಹೆತ್ತಳು. ಹೀಗೆ ಸಿಕಂದರನೂ ದಾರಾನೂ ಅಣ್ಣತಮ್ಮಂದಿರಾಗುತ್ತಾರೆ, ದಂಡಯಾತ್ರೆ ಮನೆಯೊಳಗಿನ ವ್ಯಾಜ್ಯವಾಗುತ್ತದೆ. ತನ್ನವರಿಂದಲೇ ಇರಿತಕ್ಕೊಳಗಾದ ದಾರಾ ಸಿಕಂದರನ ತೊಡೆಯ ಮೇಲೆ ತಲೆಯಿಟ್ಟು ಸಾಯುವ ಪ್ರಸಂಗವನ್ನು ಓದಿ ಕಣ್ಣು ತೇವವಾಗದವರು ಕಡಿಮೆ. ಸಿಕಂದರ್ ಕಾಬಾದ ಯಾತ್ರೆಯನ್ನೂ ಮಾಡುತ್ತಾನೆ.

ಇದು ಇರಾನಿನ ಒಂದೇ ಉದಾಹರಣೆಯಲ್ಲ. ಈಜಿಪ್ಟಿನಲ್ಲಿ ಹುಟ್ಟಿದ ಅಲೆಕ್ಸಾಂಡರನ ಅದ್ಭುತ ಕಥೆ ಅವನನ್ನು ಅಲ್ಲಿಯ ಕೊನೆಯ ದೇಶೀಯ ದೊರೆ ನೆಕ್ಟನೆಬೋನ ಗುಪ್ತಪುತ್ರನೆಂದು ಹೇಳುತ್ತದೆ. ಸೋತ ನಾಡುಗಳು ಗೆದ್ದವನನ್ನು ತಮ್ಮ ಮನೆಮಗನನ್ನಾಗಿ ಮಾಡಿಕೊಳ್ಳುತ್ತವೆ. ಸೋಲನ್ನು ಅರಗಿಸಿಕೊಳ್ಳುವ ಜನರ ಜಾಣತನ ಇದೆಂದು ಮೆಚ್ಚಬಹುದು. ವೈರವನ್ನು ತಲೆಮಾರುಗಳ ತನಕ ಹೊತ್ತು ತಿರುಗುವುದಕ್ಕಿಂತ ಇದು ಮೇಲು. ಆದರೆ ಸುಟ್ಟವನನ್ನು ಮನೆಮಗನೆಂದು ಕರೆದಾಗ ಸುಟ್ಟ ಮನೆಯ ಸಂಗತಿ ಮರೆತುಹೋಗುತ್ತದೆ. ಫಿರ್ದೌಸಿಯ ಹಿರಿಮೆಯೆಂದರೆ ಅವನು ಪೂರ್ತಿ ಮರೆಯುವುದಿಲ್ಲ. ಸಾಸಾನಿ ದೊರೆಗಳ ಪ್ರಸಂಗಗಳಿಗೆ ಬಂದಾಗ ಅವನ ಪಾತ್ರಗಳು ಸಿಕಂದರನನ್ನು ಇರಾನನ್ನು ಹಾಳುಗೆಡವಿದವನೆಂದೇ ನೆನೆಯುತ್ತವೆ. ಒಂದೇ ಕಾವ್ಯದಲ್ಲಿ ಎರಡು ನೆನಪುಗಳೂ ಇವೆ. ಕವಿ ಅವನ್ನು ರಾಜಿ ಮಾಡಿಸಲು ಹೋಗಿಲ್ಲ. ಇಂಥ ಕಾವ್ಯವನ್ನು ಓದಿದವರು ಚರಿತ್ರೆಯನ್ನು ಕಪ್ಪುಬಿಳುಪಾಗಿ ನೋಡಲಾರರು.

ಗಂಜದ ನಿಜಾಮಿ ಹನ್ನೆರಡನೆಯ ಶತಮಾನದ ಕೊನೆಗೆ ಸಿಕಂದರನನ್ನು ದಂಡಯಾತ್ರಿಯಿಂದ ಜ್ಞಾನಿಯಾಗಿ, ಜ್ಞಾನಿಯಿಂದ ಪ್ರವಾದಿಯಾಗಿ ಬೆಳೆಸಿದ. ಅವನ ಕಾವ್ಯದ ಕೊನೆಯ ಭಾಗದಲ್ಲಿ ಸಿಕಂದರ್ ಒಂದು ನಾಡಿಗೆ ಬರುತ್ತಾನೆ. ಅಲ್ಲಿ ಬಾಗಿಲುಗಳಿಗೆ ಬೀಗವಿಲ್ಲ, ತೋಟಕ್ಕೆ ಕಾವಲಿಲ್ಲ, ಬಡವ ಬಲ್ಲಿದರೆಂಬ ಭೇದವಿಲ್ಲ. ಅದನ್ನು ಕಂಡ ಸಿಕಂದರನಿಗೆ, ಇವರ ವಿಷಯ ಮೊದಲೇ ತಿಳಿದಿದ್ದರೆ ತಾನು ಲೋಕವೆಲ್ಲ ಅಲೆಯಬೇಕಿರಲಿಲ್ಲ ಅನಿಸುತ್ತದೆ. ಜಗತ್ತನ್ನು ಗೆದ್ದವನ ಬಾಯಲ್ಲೇ ಗೆಲುವಿನ ವ್ಯರ್ಥತೆಯನ್ನು ಹೇಳಿಸುವ ಕವಿಯ ಬಗೆ ಇದು. ಆದರೆ ದೊರೆಗಳು ಕಾವ್ಯವನ್ನು ಕೊನೆಯ ತನಕ ಓದುವುದಿಲ್ಲ. ನಿಜಾಮಿಯ ಹಾದಿಯಲ್ಲಿ ಅಮೀರ್ ಖುಸ್ರೋ ‘ಆಯಿನಾ-ಎ-ಸಿಕಂದರಿ’ ಬರೆದದ್ದು ಅಲಾವುದ್ದೀನ್ ಖಿಲ್ಜಿಯ ದಿಲ್ಲಿಯಲ್ಲಿ. ಆ ಸುಲ್ತಾನ ಅದರಿಂದ ಕಲಿತದ್ದು ಒಂದೇ ಹೆಸರು: ತನ್ನ ನಾಣ್ಯಗಳ ಮೇಲೆ ಎರಡನೆಯ ಸಿಕಂದರನೆಂದು ಅಚ್ಚುಹಾಕಿಸಿಕೊಂಡ. ಅವನ ಸೈನ್ಯವೇ ಮಲಿಕ್ ಕಾಫೂರನ ಮುಂದಾಳುತನದಲ್ಲಿ 1311ರಲ್ಲಿ ಹೊಯ್ಸಳರ ದೋರಸಮುದ್ರಕ್ಕೆ ಬಂದದ್ದು. ಮೂರನೆಯ ಬಲ್ಲಾಳ ಸಂಪತ್ತು ಒಪ್ಪಿಸಿ ಶರಣಾಗಬೇಕಾಯಿತು. ಇದೇ ಕನ್ನಡ ನೆಲದಲ್ಲಿ ಇನ್ನೊಬ್ಬ ಸಿಕಂದರನೂ ಇದ್ದ. ಬಿಜಾಪುರದ ಕೊನೆಯ ಸುಲ್ತಾನ ಸಿಕಂದರ್ ಆದಿಲ್‌ಶಾಹ. ಎಳೆಯ ಮಗುವಾಗಿದ್ದಾಗ ಪಟ್ಟಕ್ಕೆ ಬಂದ ಅವನು 1686ರಲ್ಲಿ ಔರಂಗಜೇಬನಿಗೆ ಕೋಟೆ ಒಪ್ಪಿಸಿ ಸೆರೆಯಲ್ಲೇ ಸತ್ತ. ಅಲ್ಲಿ ಮುತ್ತಿದವನೂ ಮುತ್ತಿಗೆಗೆ ಒಳಗಾದವನೂ ಮುಸಲ್ಮಾನರೇ. ಹೆಸರು ಗೆಲುವನ್ನು ತಂದುಕೊಡಲಿಲ್ಲ, ಧರ್ಮ ಮುತ್ತಿಗೆಯನ್ನು ತಡೆಯಲಿಲ್ಲ.

ಈ ಸಂಗತಿಗಳನ್ನು ಇಲ್ಲಿ ನೆನೆಯಲು ಕಾರಣವಿದೆ. ಇಂದು ನಮ್ಮ ನಾಡಿನಲ್ಲಿ ಕೆಲವರು ಹಳೆಯ ಸುಲ್ತಾನರ ದಂಡಯಾತ್ರೆಗಳ ಲೆಕ್ಕವನ್ನು ತಂದು, ಸೈಕಲ್ ರಿಪೇರಿ ಮಾಡುವ, ಹಣ್ಣಿನ ಗಾಡಿ ತಳ್ಳುವ ಮುಸಲ್ಮಾನನ ಮುಂದಿಟ್ಟು ಉತ್ತರ ಕೇಳುತ್ತಾರೆ. ಇದು ಅನ್ಯಾಯವೆಂದು ನಾವು ಹೇಳುತ್ತ ಬಂದಿದ್ದೇವೆ, ಹೇಳುತ್ತಲೇ ಇರಬೇಕು. ಆದರೆ ನಮ್ಮೊಳಗೂ ಒಂದು ದೌರ್ಬಲ್ಯವಿದೆ. ದಂಡಯಾತ್ರಿಗಳ ಹೆಸರು ಬಂದಾಗ ಎದೆಯುಬ್ಬಿಸುವವರು, ಅವರ ಕುದುರೆಗಳ ಗೊರಸಿನ ಸದ್ದನ್ನು ಭಾಷಣಗಳಲ್ಲಿ ಮತ್ತೆ ಕೇಳಿಸುವವರು ನಮ್ಮಲ್ಲೂ ಇದ್ದಾರೆ. ಅವರ ಪಾಪ ನಮ್ಮದಲ್ಲ ಎಂದಾದರೆ ಅವರ ಗೆಲುವೂ ನಮ್ಮದಲ್ಲ. ಒಂದನ್ನು ಬಿಟ್ಟು ಇನ್ನೊಂದನ್ನು ಇಟ್ಟುಕೊಳ್ಳಲು ಬರುವುದಿಲ್ಲ. ಆರೋಪಿಸುವವರೂ ಹೆಮ್ಮೆಪಡುವವರೂ ನಂಬಿರುವುದು ಒಂದೇ ಮಾತನ್ನು: ದೊರೆ ಮತ್ತು ಅವನ ಧರ್ಮದ ಜನ ಒಂದೇ ಎಂಬ ಮಾತನ್ನು.

ಇಲ್ಲಿ ಕುರ್‌ಆನ್‌ನ ದುಲ್‌ಕರ್ನೈನ್ ಪ್ರಸಂಗವನ್ನು ಮತ್ತೊಮ್ಮೆ ಓದಬೇಕು. ಸೂರಃ ಅಲ್-ಕಹ್ಫ್‌ನಲ್ಲಿ ಬರುವ ಈ ಎರಡು ಕೊಂಬಿನವನು ಯಾರು ಎಂಬ ಬಗ್ಗೆ ವ್ಯಾಖ್ಯಾನಕಾರರು ಶತಮಾನಗಳಿಂದ ವಾದಿಸಿದ್ದಾರೆ. ಇಮಾಮ್ ರಾಝಿ ಮೊದಲಾದವರು ಅಲೆಕ್ಸಾಂಡರನೆಂದರು. ವಿಗ್ರಹಗಳನ್ನು ಪೂಜಿಸುತ್ತಿದ್ದ ಮೆಸಿಡೋನಿಯನ್ ದೊರೆ ಅವನಾಗಿರಲಾರ ಎಂದು ಇಬ್ನ್ ಕಸೀರ್ ಮೊದಲಾದವರು ತಿರಸ್ಕರಿಸಿದರು. ನಮ್ಮ ಮೌಲಾನಾ ಅಬುಲ್ ಕಲಾಂ ಆಜಾದರು ‘ತರ್ಜುಮಾನುಲ್ ಕುರ್‌ಆನ್’ನಲ್ಲಿ, ಬೈಬಲಿನ ದಾನಿಯೇಲನ ಕನಸಿನಲ್ಲಿ ಬರುವ ಎರಡು ಕೊಂಬಿನ ಟಗರನ್ನೂ ಇರಾನಿನ ಪಸರ್ಗಡೆಯ ಶಿಲ್ಪವನ್ನೂ ಆಧಾರವಾಗಿಟ್ಟುಕೊಂಡು, ಅವನು ಸೈರಸನೆಂದು ವಾದಿಸಿದರು. ಪುರಾತತ್ವದ ಶೋಧಗಳನ್ನು ಧರ್ಮಗ್ರಂಥದ ಓದಿಗೆ ತಂದ ಆಜಾದರ ಧೈರ್ಯ ದೊಡ್ಡದು. ಆದರೂ ಸೈರಸನೂ ದಂಡಯಾತ್ರಿಯೇ. ಕ್ರಿ.ಪೂ. 539ರಲ್ಲಿ ಬ್ಯಾಬಿಲೋನನ್ನು ಗೆದ್ದು, ತಾನು ಬಿಡುಗಡೆ ತಂದವನೆಂದು ಮಣ್ಣಿನ ಉರುಳೆಯ ಮೇಲೆ ಬರೆಸಿಕೊಂಡವನು. ಎರಡು ಶತಮಾನಗಳ ಮೇಲೆ ಅಲೆಕ್ಸಾಂಡರನೂ ಅದೇ ಊರಿಗೆ ಬಿಡುಗಡೆಯ ಹೆಸರಿನಲ್ಲೇ ಪ್ರವೇಶ ಮಾಡಿದ.

ಅವನು ಯಾರೆಂಬ ವಾದದಲ್ಲಿ ಕಳೆದುಹೋದದ್ದು ಅವನು ಏನು ಮಾಡಿದ ಎಂಬುದು. ಎರಡು ಬೆಟ್ಟಗಳ ನಡುವಿನ ಜನ, ಹಿಂಸೆಗೆ ಬೇಸತ್ತವರು, ಅವನಿಗೆ ಕಪ್ಪ ಕೊಡಲು ಮುಂದೆ ಬರುತ್ತಾರೆ. ದೇವರು ಕೊಟ್ಟದ್ದು ತನಗೆ ಸಾಕು, ನೀವು ದುಡಿಮೆಯಲ್ಲಿ ಜತೆಯಾಗಿ ಎನ್ನುತ್ತಾನೆ. ಕಬ್ಬಿಣ, ಕರಗಿದ ತಾಮ್ರಗಳಿಂದ ತಡೆಗೋಡೆ ಕಟ್ಟಿಕೊಡುತ್ತಾನೆ. ಕಟ್ಟಿದ ಮೇಲೂ ಅದು ತನ್ನ ಸಾಧನೆಯೆನ್ನುವುದಿಲ್ಲ. ದೇವರ ಮಾತು ಬಂದ ದಿನ ಇದೂ ಪುಡಿಯಾಗುವುದು ಎನ್ನುತ್ತಾನೆ. ಊರು ಸುಟ್ಟದ್ದಕ್ಕಲ್ಲ, ಕಪ್ಪ ನಿರಾಕರಿಸಿದ್ದಕ್ಕೆ ಆ ದೊರೆ ನೆನಪಿನಲ್ಲಿ ಉಳಿದಿದ್ದಾನೆ. ಈ ಅಳತೆಗೋಲಿನಿಂದ ಅಳೆದರೆ ಎಷ್ಟು ಜನ ಸಿಕಂದರರು ಉಳಿಯುತ್ತಾರೆ?

ಬ್ಯಾಬಿಲೋನಿನ ಕಥೆ ಅಲ್ಲಿಗೆ ಮುಗಿಯಲಿಲ್ಲ. 2003ರಲ್ಲಿ ಇನ್ನೊಂದು ಸೈನ್ಯ ಬಿಡುಗಡೆಯ ಮಾತಾಡುತ್ತಲೇ ಇರಾಕಿಗೆ ಬಂತು. ಬಾಗ್ದಾದಿನ ವಸ್ತುಸಂಗ್ರಹಾಲಯ ಲೂಟಿಯಾಯಿತು. ಬ್ಯಾಬಿಲೋನಿನ ಅವಶೇಷಗಳ ನಡುವೆಯೇ ಸೇನಾ ಶಿಬಿರ ಎದ್ದಿತು. 2005ರಲ್ಲಿ ಬ್ರಿಟಿಷ್ ಮ್ಯೂಸಿಯಮ್ಮಿನ ಜಾನ್ ಕರ್ಟಿಸ್ ವರದಿ ಕೊಟ್ಟಾಗ, ಸೇನಾವಾಹನಗಳ ಅಡಿಯಲ್ಲಿ ಪುರಾತನ ಇಟ್ಟಿಗೆ ಹಾಸು ಒಡೆದದ್ದು, ಮಡಕೆಚೂರು ತುಂಬಿದ ಮಣ್ಣನ್ನು ಮರಳಚೀಲಗಳಿಗೆ ತುಂಬಿದ್ದು ಹೊರಬಂತು. 2007ರಲ್ಲಿ ‘300’ ಎಂಬ ಹಾಲಿವುಡ್ ಸಿನಿಮಾ ಪರ್ಷಿಯನ್ನರನ್ನು ರಾಕ್ಷಸರಂತೆ ತೋರಿಸಿ ಗಲ್ಲಾಪೆಟ್ಟಿಗೆ ತುಂಬಿಸಿತು, ಇರಾನ್ ಪ್ರತಿಭಟಿಸಿತು. ಎಸ್ಕಿಲಸನಿಗಿದ್ದ ಕರುಣೆಯ ಕಾಲುಭಾಗವೂ ಆ ಸಿನಿಮಾದಲ್ಲಿಲ್ಲ.

ಪರ್ಷಿಯಾದ ಜಗತ್ತನ್ನು ಗ್ರೀಕರ ಕಣ್ಣಿನಿಂದಲ್ಲದೆ ನೋಡಲು ಇಂದು ದಾರಿಗಳಿವೆ. 1933ರಲ್ಲಿ ಪರ್ಸೆಪೊಲಿಸ್ಸಿನ ಕೋಟೆಗೋಡೆಯಲ್ಲಿ ಸಾವಿರಾರು ಮಣ್ಣಿನ ಹಲಗೆಗಳು ಸಿಕ್ಕವು. ಹೆಚ್ಚಿನವು ಎಲಮೈಟ್ ಭಾಷೆಯವು, ಮೊದಲನೆಯ ಡೇರಿಯಸನ ಕಾಲದವು. ಅವುಗಳಲ್ಲಿ ಯುದ್ಧವಿಲ್ಲ, ಪಡಿ ಲೆಕ್ಕವಿದೆ. ಯಾವ ಕೆಲಸಗಾರರ ತಂಡಕ್ಕೆ ಎಷ್ಟು ಧಾನ್ಯ, ಪ್ರಯಾಣಿಕರಿಗೆ ಎಷ್ಟು ಹಿಟ್ಟು, ಹೆರಿಗೆಯಾದ ಹೆಂಗಸಿಗೆ ಎಷ್ಟು ಹೆಚ್ಚುವರಿ ಪಡಿ. ಅಲ್ಲೂ ಗಂಡುಮಗು ಹೆತ್ತವಳಿಗೆ ಹೆಣ್ಣುಮಗು ಹೆತ್ತವಳ ಎರಡು ಪಟ್ಟು ಸಿಗುತ್ತಿತ್ತು. ಸ್ವರ್ಗವೂ ಅಲ್ಲದ, ಗ್ರೀಕರು ಹೇಳಿದ ನರಕವೂ ಅಲ್ಲದ, ದುಡಿಯುವ ಜನರ ನಾಡು ಅದರಲ್ಲಿ ಕಾಣುತ್ತದೆ. ಇಂಥ ಆಕರಗಳಿಂದಲೇ ಫ್ರಾನ್ಸಿನ ಪಿಯರ್ ಬ್ರಿಯಾನ್ 1996ರಲ್ಲಿ ಪರ್ಷಿಯನ್ ಸಾಮ್ರಾಜ್ಯದ ಬೃಹತ್ ಚರಿತ್ರೆ ಬರೆದ. ಆದರೆ ಅಧ್ಯಯನಕ್ಕೆಂದು ಎರವಲಾಗಿ ಷಿಕಾಗೋ ವಿಶ್ವವಿದ್ಯಾಲಯಕ್ಕೆ ಹೋಗಿದ್ದ ಆ ಹಲಗೆಗಳನ್ನು, ಇಂದಿನ ಇರಾನ್ ಸರ್ಕಾರದ ಮೇಲಿನ ಪರಿಹಾರದ ದಾವೆಯಲ್ಲಿ ಜಪ್ತಿ ಮಾಡಿಸುವ ಪ್ರಯತ್ನ ಅಮೆರಿಕದ ನ್ಯಾಯಾಲಯಗಳಲ್ಲಿ ವರ್ಷಗಟ್ಟಲೆ ನಡೆಯಿತು. ಬಾಂಬ್ ದಾಳಿಗೆ ಸಿಕ್ಕವರ ನೋವು ನಿಜವಾದದ್ದೇ. ಆದರೆ ಎರಡೂವರೆ ಸಾವಿರ ವರ್ಷ ಹಿಂದಿನ ಬಾಣಂತಿಯ ಪಡಿಚೀಟಿ ಅದಕ್ಕೆ ಹೇಗೆ ಹೊಣೆ? 2018ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು ಜಪ್ತಿ ಸಲ್ಲದೆಂದು ತೀರ್ಪು ಕೊಟ್ಟಿತು. 2019ರಲ್ಲಿ ಸಾವಿರಕ್ಕೂ ಹೆಚ್ಚು ಹಲಗೆಗಳು ಇರಾನಿಗೆ ಮರಳಿದವು.

ನಮ್ಮ ಮಸೀದಿಗಳ ಪ್ರವಚನಗಳಲ್ಲಿ ಒಂದು ಕಥೆ ಬರುತ್ತದೆ. ಸಾಯುವಾಗ ಸಿಕಂದರ್, ತನ್ನ ಎರಡೂ ಕೈಗಳನ್ನು ಶವಪೆಟ್ಟಿಗೆಯ ಹೊರಗಿಡಿ, ಬರಿಗೈಯಲ್ಲಿ ಹೋದದ್ದನ್ನು ಜನ ನೋಡಲಿ ಎಂದನಂತೆ. ಪ್ರಾಚೀನ ಚರಿತ್ರೆಕಾರರು ಯಾರೂ ಇದನ್ನು ಬರೆದಿಲ್ಲ. ಆದರೆ ಏರಿಯನ್ ಇನ್ನೊಂದು ಪ್ರಸಂಗ ಹೇಳುತ್ತಾನೆ. ಭಾರತದ ಬೆತ್ತಲೆ ಸಾಧುಗಳು ಅಲೆಕ್ಸಾಂಡರನನ್ನು ಕಂಡು ನೆಲವನ್ನು ಪಾದದಿಂದ ತಟ್ಟಿದರು. ಒಬ್ಬ ಮನುಷ್ಯನಿಗೆ ಸೇರುವುದು ಅವನು ನಿಂತಷ್ಟೇ ನೆಲ ಎಂದು ವಿವರಿಸಿದರು. ಅಲೆಕ್ಸಾಂಡರ್ ಆ ಮಾತನ್ನು ಮೆಚ್ಚಿದ, ಆದರೆ ಅದಕ್ಕೆ ವಿರುದ್ಧವಾಗಿಯೇ ನಡೆದ ಎಂದು ಏರಿಯನ್ ಸೇರಿಸುತ್ತಾನೆ. ಮಕ್ಕಳಿಗೆ ಸಿಕಂದರ್ ಎಂಬ ಹೆಸರು ಇಡುವುದನ್ನು ನಾವು ನಿಲ್ಲಿಸಬೇಕಾಗಿಲ್ಲ. ಹೆಸರಿಟ್ಟ ಮಗು ಬೆಳೆದು, ಅವನು ಯಾರು ಎಂದು ಕೇಳಿದ ದಿನ, ಪರ್ಸೆಪೊಲಿಸ್ಸಿನ ಬೆಂಕಿಯನ್ನೂ ಕಪ್ಪ ಬೇಡವೆಂದ ದೊರೆಯ ಕಥೆಯನ್ನೂ ಎರಡನ್ನೂ ಹೇಳುವಷ್ಟು ನಾವು ಓದಿಕೊಂಡಿರಬೇಕು.